ನಾಲ್ಕನೇ ತರಗತಿಯ ಪುಸ್ತಕದಲ್ಲಿ ವಿಜ್ಞಾನ ಎಲ್ಲಿದೆ?

ಪ್ರಶ್ನೆ: ನಾವಿರುವುದು ಮುಂಬಯಿಯ ಚೆಂಬೂರಿನಲ್ಲಿ, ಊರು ಉಡುಪಿ ಕಡೆ. ಮಗಳು ರಾಜ್ಯ ಮಂಡಳಿಯ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿ. ಅವಳಿಗೆ ವಿಜ್ಞಾನ ಎಂಬ ಪುಸ್ತಕವೇ ಇಲ್ಲ. ಇವಿಎಸ್ (ಪರಿಸರ ಅಧ್ಯಯನ) ಅಂತ ಒಂದಿದೆ, ಅದರಲ್ಲಿ ನೀರು, ಬಟ್ಟೆ, ನಕಾಶೆ, ಕುಟುಂಬ ಎಲ್ಲ ಒಟ್ಟೊಟ್ಟಿಗೆ ಇವೆ. ಟ್ಯೂಷನ್‌ನವರು ಈಗಿಂದಲೇ ಒಲಿಂಪಿಯಾಡ್ ವರ್ಕ್‌ಬುಕ್ ಶುರು ಮಾಡಿಸಿ ಅನ್ನುತ್ತಾರೆ. ಮೊನ್ನೆ ಒಂದು ವರ್ಕ್‌ಶೀಟ್‌ನಲ್ಲಿ ‘ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ನೆರಳು ಕಾಲಡಿಯಲ್ಲೇ ಬೀಳುತ್ತದೆ’ ಎಂಬುದಕ್ಕೆ ಸರಿ ಎಂದು ಗುರುತು ಹಾಕಬೇಕಿತ್ತು. ಇವಳು ‘ಸುಳ್ಳು, ಡಿಸೆಂಬರ್‌ನಲ್ಲಿ ನಮ್ಮ ಬಿಲ್ಡಿಂಗಿನ ನೆರಳು ಪಕ್ಕದ ಬಿಲ್ಡಿಂಗಿನ ಮೇಲೆ ಬೀಳುತ್ತದೆ’ ಎಂದು ಹಟ ಹಿಡಿದಳು. ಪುಸ್ತಕದಲ್ಲಿದ್ದಂತೆ ಬರಿ ಎಂದು ನಾನು ಗದರಿದೆ. ಪ್ರೈಮರಿ ಮುಗಿಯುವಾಗ ಮಕ್ಕಳಿಗೆ ವಿಜ್ಞಾನದಲ್ಲಿ ನಿಜಕ್ಕೂ ಏನೇನು ಬರಬೇಕು? ನಾನು ಓದಿದ್ದು ಕನ್ನಡದಲ್ಲಿ. ಕನ್ನಡದಲ್ಲೇ ಹೇಳಿಕೊಟ್ಟರೆ ಅವಳಿಗೆ ಗೊಂದಲವಾದೀತೆ?

ಉತ್ತರ: ಮೊದಲು ನೆರಳಿನ ವಿಷಯ. ನಿಮ್ಮ ಮಗಳು ಹೇಳಿದ್ದೇ ಸರಿ, ವರ್ಕ್‌ಶೀಟ್ ತಪ್ಪು. ಮುಂಬಯಿಯಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ: ಮೇ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಯ ವಾರದಲ್ಲಿ ಇನ್ನೊಮ್ಮೆ. ಎರಡನೆಯದು ಮಳೆಮೋಡದ ಮರೆಯಲ್ಲೇ ಆಗಿಹೋಗುವುದು ಹೆಚ್ಚು. ಉಳಿದ ಎಲ್ಲ ದಿನವೂ ನಡುಮಧ್ಯಾಹ್ನ ನೆರಳು ಇದ್ದೇ ಇರುತ್ತದೆ. 30 ಸೆಂಟಿಮೀಟರಿನ ಸ್ಕೇಲನ್ನು ಟೆರೇಸಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಡಿಸೆಂಬರ್ 22ರ ಸುಮಾರಿಗೆ ಅದರ ನೆರಳು 27 ಸೆಂಟಿಮೀಟರ್ ದಾಟುತ್ತದೆ. ಹೆಚ್ಚುಕಡಿಮೆ ಸ್ಕೇಲಿನಷ್ಟೇ ಉದ್ದ, ಉತ್ತರ ದಿಕ್ಕಿಗೆ. ಮಾರ್ಚ್ 21ಕ್ಕೆ ಅದು 10 ಸೆಂಟಿಮೀಟರಿಗೆ ಇಳಿದಿರುತ್ತದೆ. ಮೇ ಮಧ್ಯದಲ್ಲಿ ನೆರಳೇ ಇಲ್ಲ. ಜೂನ್ 21ರಂದು ಬಿಸಿಲು ಸಿಕ್ಕರೆ ಮತ್ತೆ ಎರಡು ಸೆಂಟಿಮೀಟರಿನಷ್ಟು ನೆರಳು, ಈ ಸಲ ದಕ್ಷಿಣಕ್ಕೆ. ನಿಮ್ಮ ಮಗಳು ಡಿಸೆಂಬರಿನ ನೆರಳನ್ನು ಗಮನಿಸಿದ್ದಾಳೆ, ನೆನಪಿಟ್ಟಿದ್ದಾಳೆ, ಅಚ್ಚಾದ ವಾಕ್ಯದ ಎದುರು ಅದನ್ನು ಹಿಡಿದು ನಿಂತಿದ್ದಾಳೆ. ಒಂಬತ್ತು ಹತ್ತು ವರ್ಷದ ಮಗುವಿನಿಂದ ವಿಜ್ಞಾನದ ಪಾಠ ನಿರೀಕ್ಷಿಸುವುದು ಇದನ್ನೇ. ಅವಳ ಹತ್ತಿರ ಕೂತು ‘ನೀನು ನೋಡಿದ್ದು ಸರಿಯಿತ್ತು’ ಎಂದು ಹೇಳಿ. ದಯವಿಟ್ಟು ಇದನ್ನು ತಪ್ಪಿಸಬೇಡಿ.

ಆ ವಾಕ್ಯದಲ್ಲಿ ‘ಹನ್ನೆರಡಕ್ಕೆ’ ಎಂಬುದೂ ಸರಿಯಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಮುಂಬಯಿ ಇರುವುದು ಸುಮಾರು 73 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಿಜವಾದ ನಡುಹಗಲು ಹನ್ನೆರಡೂವರೆಯ ಆಚೀಚೆಗೆ ಬರುತ್ತದೆ. ಮೇ ತಿಂಗಳಲ್ಲಿ 12.35ರ ಹೊತ್ತಿಗೆ, ಫೆಬ್ರವರಿಯಲ್ಲಿ 12.50 ದಾಟಿದ ಮೇಲೆ. ಹಿಂದೆ ಈ ಊರಿಗೆ ಬಾಂಬೆ ಟೈಮ್ ಎಂದೇ ಬೇರೆ ಸಮಯವಿತ್ತು, ಇಂದಿನ ಸಮಯಕ್ಕಿಂತ 39 ನಿಮಿಷ ಹಿಂದೆ. 1906ರಲ್ಲಿ ಭಾರತೀಯ ಕಾಲಮಾನ ಬಂದರೂ ಇಲ್ಲಿನ ಜನ 1955ರವರೆಗೂ ಅದನ್ನು ಬಿಟ್ಟಿರಲಿಲ್ಲ.

ಪರೀಕ್ಷೆಯಲ್ಲಿ ಏನು ಬರೆಯಬೇಕು ಎಂಬ ಚಿಂತೆ ನಿಮಗಿರುತ್ತದೆ. ‘ನಡುಹಗಲಿನಲ್ಲಿ ನೆರಳು ಆ ದಿನದಲ್ಲೇ ಅತಿ ಗಿಡ್ಡವಾಗಿರುತ್ತದೆ’ ಎಂಬುದು ಎಲ್ಲ ಊರಿಗೂ ಎಲ್ಲ ದಿನಕ್ಕೂ ಸಲ್ಲುವ ಮಾತು. ಹಾಗೆ ಬರೆಯಲಿ. ಜೊತೆಗೆ ತಿಂಗಳಿಗೊಂದು ಭಾನುವಾರ ಸೊಸೈಟಿಯ ಟೆರೇಸಿನಲ್ಲಿ ಅಳೆದು, ದಿನಾಂಕ ಹಾಕಿ ಬರೆದಿಡಲಿ, ಟೀಚರಿಗೆ ತೋರಿಸಲಿ. ಹಟಕ್ಕಾಗಿ ತೋರಿಸುವುದು ಬೇಡ. ‘ಟೀಚರ್, ನಾನು ಅಳೆದೆ, ಹೀಗೆ ಬಂತು’ ಎಂದರೆ ಯಾವ ಒಳ್ಳೆಯ ಶಿಕ್ಷಕಿಗೂ ಖುಷಿಯಾಗುತ್ತದೆ. ಉಡುಪಿಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಸೇರಿಸಿಕೊಳ್ಳಿ. ಅಲ್ಲಿ ನೆರಳಿಲ್ಲದ ದಿನ ಏಪ್ರಿಲ್ ಕೊನೆಯ ವಾರದಲ್ಲೇ ಬರುತ್ತದೆ, ಗೋವಾದಲ್ಲಿ ಮೇ ಮೊದಲ ವಾರ, ಆಮೇಲೆ ಪುಣೆ, ಅದಾದ ಒಂದೆರಡು ದಿನಕ್ಕೆ ನಮ್ಮಲ್ಲಿ. ಒಂದೇ ದಿನ ಇಲ್ಲೊಂದು ಸ್ಕೇಲ್, ಅಂಗಳದಲ್ಲೊಂದು ಸ್ಕೇಲ್ ನಿಲ್ಲಿಸಿ ವಿಡಿಯೊ ಕಾಲ್ ಮಾಡಿದರೆ ಎರಡು ನೆರಳೂ ಒಂದೇ ಅಳತೆಯಲ್ಲಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. ಯಾಕೆ ಎಂದು ಅವಳು ಕೇಳಿದ ದಿನ ಭೂಮಿಯ ದುಂಡುತನ ಅವಳಿಗೆ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ. ಸುಮಾರು 2,250 ವರ್ಷಗಳ ಹಿಂದೆ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಇಡೀ ಭೂಮಿಯ ಸುತ್ತಳತೆ ಲೆಕ್ಕಹಾಕಿದ್ದು ಇಂಥದೇ ಎರಡು ಊರುಗಳ ನೆರಳಿನಿಂದ. ಒಂದು ಎಚ್ಚರಿಕೆ: ಅಳೆಯುವಾಗ ನೆರಳನ್ನು ಮಾತ್ರ ನೋಡಬೇಕು, ಸೂರ್ಯನತ್ತ ಕಣ್ಣೆತ್ತಬಾರದು.

ಇನ್ನು ಪುಸ್ತಕದ ವಿಷಯ. ವಿಜ್ಞಾನ ಕಳೆದುಹೋಗಿಲ್ಲ, ಹೆಸರು ಬೇರೆಯಾಗಿದೆ. ಮೊದಲು 3ರಿಂದ 5ನೇ ತರಗತಿಯವರೆಗೂ ನಿಸರ್ಗದ ಭಾಗ ಒಂದು, ಸಮಾಜದ ಭಾಗ ಇನ್ನೊಂದು ಎಂದು ಎರಡಾಗಿ ಕಲಿಸುತ್ತಿದ್ದರು. 2000ದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅವೆರಡನ್ನೂ ಕೂಡಿಸಲು ಹೇಳಿತು, 2005ರದು ಅದನ್ನೇ ಮುಂದುವರಿಸಿತು. ಮಹಾರಾಷ್ಟ್ರದಲ್ಲಿ ಇದು ‘ಪರಿಸರ ಅಭ್ಯಾಸ’. ನಾಲ್ಕನೆಯ ತರಗತಿಯ ಮೊದಲ ಭಾಗದಲ್ಲಿ ಪ್ರಾಣಿಗಳ ಜೀವನಚಕ್ರ, ಕುಡಿಯುವ ನೀರು, ಆಹಾರ, ಗಾಳಿ, ಬಟ್ಟೆ, ದೇಹದ ಒಳಗಿನ ಅಂಗಗಳು, ಹಗಲು ರಾತ್ರಿ, ದಿಕ್ಕು ಮತ್ತು ನಕಾಶೆ ಬರುತ್ತವೆ. ಎರಡನೆಯ ಭಾಗ ಶಿವಾಜಿ ಮಹಾರಾಜರ ಇತಿಹಾಸ. ‘ಸಾಮಾನ್ಯ ವಿಜ್ಞಾನ’ ಎಂಬ ಬೇರೆ ಪುಸ್ತಕ ಕೈಗೆ ಬರುವುದು ಆರನೆಯ ತರಗತಿಯಲ್ಲಿ. 2020ರ ಶಿಕ್ಷಣ ನೀತಿಗೆ ತಕ್ಕಂತೆ ಪುಸ್ತಕಗಳು ಬದಲಾಗುತ್ತಿವೆ, ಆದರೆ 3ರಿಂದ 5ರವರೆಗೆ ಸುತ್ತಲಿನ ಜಗತ್ತನ್ನು ಒಂದೇ ವಿಷಯವಾಗಿ ಕಲಿಸುವ ಕ್ರಮವನ್ನು ಅದೂ ಇಟ್ಟುಕೊಂಡಿದೆ.

ನನಗೆ ಈ ಕ್ರಮ ಒಪ್ಪಿಗೆ. ಈ ಊರಿನ ನೀರನ್ನೇ ನೋಡಿ. ‘ನೀರು ಎಲ್ಲಿಂದ ಬರುತ್ತದೆ?’ ಎಂದು ಮುಂಬಯಿಯ ಮಕ್ಕಳನ್ನು ಕೇಳಿದರೆ ಮೊದಲ ಉತ್ತರ ‘ನಳದಿಂದ’, ಎರಡನೆಯದು ‘ಟಾಕಿಯಿಂದ’. ಟಾಕಿಯಿಂದ ಹಿಂದಕ್ಕೆ ಹೋಗುತ್ತ ಹೋದರೆ ಭಾಂಡುಪಿನಂಥ ಶುದ್ಧೀಕರಣ ಘಟಕಗಳು, ಅವುಗಳ ಹಿಂದೆ ತುಳಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ, ಭಾತ್ಸಾ, ಮೇಲಿನ ಮತ್ತು ಮಧ್ಯ ವೈತರಣಾ, ಹೀಗೆ ಏಳು ಜಲಾಶಯಗಳು. ವಿಹಾರ್ ಕೆರೆಯಿಂದ ನೀರು ಬರತೊಡಗಿದ್ದೇ 1860ರಲ್ಲಿ. ಕೊಳೆ ತಳಕ್ಕಿಳಿಸಲು ಪಟಿಕ, ಅಂದರೆ ಇಲ್ಲಿ ತುರಟಿ ಎನ್ನುವುದನ್ನು ಯಾಕೆ ಹಾಕುತ್ತಾರೆ, ಎತ್ತರದಲ್ಲಿರುವ ನೀರು ಪಂಪಿಲ್ಲದೆ ಹೇಗೆ ಹರಿದು ಬರುತ್ತದೆ, ಚಾಳಿನಲ್ಲಿ ಯಾಕೆ ಗಂಟೆ ಲೆಕ್ಕದಲ್ಲಿ ಬಿಡುತ್ತಾರೆ. ಇದರಲ್ಲಿ ಎಲ್ಲಿಗೆ ವಿಜ್ಞಾನ ಮುಗಿದು ಸಮಾಜಶಾಸ್ತ್ರ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಜೂನ್‌ನಿಂದ ಈ ಕೆರೆಗಳ ನೀರಿನ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ. ಚೌಕುಳಿ ಹಾಳೆಯಲ್ಲಿ ಒಂದು ಕೆರೆಯ ಮಟ್ಟವನ್ನು ಸೆಪ್ಟೆಂಬರ್‌ವರೆಗೆ ಅವಳೇ ಗುರುತು ಹಾಕಲಿ. ಅಂಕಿಯಿಂದ ಗೆರೆ, ಗೆರೆಯಿಂದ ಅರ್ಥ ತೆಗೆಯುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ವರ್ಕ್‌ಬುಕ್ಕೂ ಕಲಿಸದು.

ಐದನೆಯದು ಮುಗಿಯುವಾಗ ಏನೇನು ಬರಬೇಕು ಎಂದಿರಿ. ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಜೀವವಿರುವುದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ. ಗಿಡ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ, ಪ್ರಾಣಿಗಳು ಅದನ್ನೇ ನೆಚ್ಚಿಕೊಂಡಿವೆ ಎಂಬ ತಿಳಿವಳಿಕೆ. ನೀರಿನ ಮೂರು ರೂಪ. ಗಾಳಿಗೂ ತೂಕವಿದೆ, ಅದು ಜಾಗ ಹಿಡಿಯುತ್ತದೆ ಎಂಬುದು. ಮುಖ್ಯ ಅಂಗಗಳ ಕೆಲಸ, ರೋಗ ಹರಡುವ ಬಗೆ. ಭೂಮಿ ತಿರುಗುವುದರಿಂದ ಹಗಲು ರಾತ್ರಿ. ಉದ್ದ, ತೂಕ, ಸಮಯವನ್ನು ಮಾನದೊಂದಿಗೆ ಅಳೆದು ಬರೆಯುವುದು. ಇಷ್ಟು ಸಾಕು, ಆಯಸ್ಕಾಂತ, ಬಲ, ಸರಳ ಯಂತ್ರಗಳೆಲ್ಲ ಆರರಲ್ಲಿ ಬರುತ್ತವೆ. ಆದರೆ ಈ ಪಟ್ಟಿಯನ್ನು ಕಂಠಪಾಠ ಒಪ್ಪಿಸುವ ಮಕ್ಕಳನ್ನು ನಾನು ಮುಂಬಯಿಯ ತರಗತಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ, ಒಂದು ಹೆಜ್ಜೆ ಆಚೆಗೆ ಕೇಳಿದರೆ ನಿಂತುಬಿಡುತ್ತಾರೆ. ನಾನು ಬೆಲೆ ಕೊಡುವುದು ಬೇರೆಯದಕ್ಕೆ: ತಾನು ಕಂಡದ್ದಕ್ಕೆ ಮಗು ತನ್ನದೇ ಕಾರಣ ಹೇಳಬೇಕು, ಆ ಕಾರಣ ನಿಜವೋ ಅಲ್ಲವೋ ನೋಡುವ ದಾರಿಯನ್ನೂ ತಾನೇ ಹೇಳಬೇಕು.

ಒಂದನ್ನು ಪೂರ್ತಿಯಾಗಿ ಹೇಳುತ್ತೇನೆ. ಸ್ಟೀಲ್ ಲೋಟದಲ್ಲಿ ಪುನರ್ಪುಳಿ ಶರಬತ್ತು ಮಾಡಿ, ಐಸ್ ಹಾಕಿ ಮೇಜಿನ ಮೇಲಿಡಿ. ಮುಂಬಯಿಯ ಮೇ ತಿಂಗಳಲ್ಲಿ ನಾಲ್ಕೈದು ನಿಮಿಷಕ್ಕೆ ಲೋಟದ ಹೊರಮೈ ತುಂಬ ಹನಿಗಳು. ಎಲ್ಲಿಂದ ಬಂತು ಈ ನೀರು? ‘ಒಳಗಿಂದ ಸೋರಿತು’ ಎನ್ನುತ್ತಾರೆ ಹೆಚ್ಚಿನ ಮಕ್ಕಳು. ‘ತಪ್ಪು, ಅದು ಕಂಡೆನ್ಸೇಶನ್’ ಎಂದು ಹೇಳಿಬಿಟ್ಟರೆ ಅಲ್ಲಿಗೆ ಪಾಠ ಸತ್ತಿತು. ಮಗುವಿನ ಊಹೆ ದಡ್ಡತನವಲ್ಲ. ಮಣ್ಣಿನ ಮಡಕೆ ನಿಜವಾಗಿಯೂ ಒಳಗಿನ ನೀರನ್ನೇ ಹೊರಗೆ ಬಿಡುತ್ತದೆ, ಅವಳು ಅದನ್ನು ನೋಡಿರುತ್ತಾಳೆ. ಅದಕ್ಕೇ ‘ಸೋರಿದ್ದಾದರೆ ಹನಿ ಯಾವ ಬಣ್ಣ ಇರಬೇಕು?’ ಎಂದು ಕೇಳಿ. ಬಿಳಿ ಕರವಸ್ತ್ರದಿಂದ ಒರೆಸಲಿ. ಕೆಂಪಿಲ್ಲ. ಈಗ ಅವಳು ‘ಹಾಗಾದರೆ ಬಾಯಿಯ ಮೇಲಿಂದ ಇಳಿದಿರಬೇಕು’ ಎನ್ನಬಹುದು. ಸರಿ, ತಟ್ಟೆ ಮುಚ್ಚಿ ಇನ್ನೊಮ್ಮೆ ಮಾಡಿ. ಆಗಲೂ ಹನಿ ಬರುತ್ತದೆ. ಐಸ್ ಹಾಕದ ಶರಬತ್ತಿನ ಲೋಟವನ್ನು ಪಕ್ಕದಲ್ಲಿಡಿ. ಅದರ ಮೇಲೆ ಹನಿಯಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಮುಚ್ಚಿದ ತಣ್ಣನೆಯ ಲೋಟವನ್ನು ಮೊದಲೊಮ್ಮೆ, ಹನಿ ಕಟ್ಟಿದ ಮೇಲೊಮ್ಮೆ ತೂಗಿ. ತೂಕ ಸ್ವಲ್ಪ ಏರಿರುತ್ತದೆ. ಒಳಗಿಂದ ಹೊರಬಂದದ್ದಾಗಿದ್ದರೆ ತೂಕ ಏರಲು ಸಾಧ್ಯವೇ ಇಲ್ಲ. ಹೊರಗಿಂದ ಏನೋ ಬಂದು ಸೇರಿದೆ, ಲೋಟದ ಹೊರಗಿರುವುದು ಗಾಳಿ ಮಾತ್ರ. ಕಣ್ಣಿಗೆ ಕಾಣದ ನೀರು ಗಾಳಿಯಲ್ಲಿದೆ ಎಂಬ ಮಾತಿಗೆ ಅವಳು ತಾನಾಗಿಯೇ ಬಂದು ಮುಟ್ಟುತ್ತಾಳೆ. ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿದ್ದೇವೆ ಎಂಬುದನ್ನು ಗಮನಿಸಿ. ದೊಡ್ಡ ಪ್ರಯೋಗಾಲಯಗಳಲ್ಲೂ ಇದೇ ಶಿಸ್ತು. ಜುಲೈಯಲ್ಲಿ ಬಟ್ಟೆ ಎರಡು ದಿನವಾದರೂ ಯಾಕೆ ಒಣಗುವುದಿಲ್ಲ ಎಂದು ಆಮೇಲೆ ಅವಳನ್ನೇ ಕೇಳಿ.

ಜೀವನಚಕ್ರದ ಪಾಠಕ್ಕೆ ಬಾಲ್ಕನಿಯ ಕರಿಬೇವಿನ ಗಿಡ ಸಾಕು. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಒರೆಸಿಬಿಡಬೇಡಿ, ಹತ್ತಿರದಿಂದ ನೋಡಿ. ಬಹಳ ಸಲ ಅದು ಚಿಟ್ಟೆಯ ಮರಿಹುಳು. ಹಕ್ಕಿಗಳು ತಿನ್ನದಿರಲೆಂದು ಚಿಕ್ಕದಿರುವಾಗ ಆ ವೇಷ, ದೊಡ್ಡದಾದ ಮೇಲೆ ಹಸಿರು. ಅದು ಕರಿಬೇವು, ನಿಂಬೆಯ ಜಾತಿಯ ಎಲೆ ಬಿಟ್ಟು ಬೇರೆ ಮುಟ್ಟುವುದಿಲ್ಲ. ತುಳಸಿ ಎಲೆ ಕೊಟ್ಟರೆ ಉಪವಾಸ ಬೀಳುತ್ತದೆ. ಕೋಶ ಕಟ್ಟಿದ ಮೇಲೆ ಒಂದೆರಡು ವಾರದಲ್ಲಿ ಚಿಟ್ಟೆ ಹೊರಬರುತ್ತದೆ. ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ ಎಂಬ ನಾಲ್ಕು ಚಿತ್ರಗಳನ್ನು ಪುಸ್ತಕದಿಂದ ನಕಲು ಮಾಡುವ ಬದಲು ಅವಳು ಕಂಡಂತೆ ಬರೆಯಲಿ, ವಕ್ರವಾದರೂ ಪರವಾಗಿಲ್ಲ. ಜಿರಲೆಗೆ ಕೋಶದ ಹಂತವೇ ಇಲ್ಲ, ಮರಿ ನೋಡಲು ತಾಯಿಯಂತೆಯೇ ಇರುತ್ತದೆ, ರೆಕ್ಕೆ ಮಾತ್ರ ಇರುವುದಿಲ್ಲ. ಈ ಎರಡನ್ನು ಹೋಲಿಸಿದ ಮಗುವಿಗೆ ಜೀವನಚಕ್ರ ಎಂದರೆ ಒಂದೇ ಅಚ್ಚು ಅಲ್ಲ ಎಂದು ತಿಳಿಯುತ್ತದೆ.

ಗಿಡದ ಆಹಾರದ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಗ್ರತೆ ವಹಿಸಿ. ‘ಗಿಡ ಬೇರಿನಿಂದ ಆಹಾರ ಹೀರುತ್ತದೆ’ ಎಂದು ದೊಡ್ಡವರೇ ಹೇಳುತ್ತೇವೆ. ಹಾಗಿದ್ದರೆ ಬಾಟಲಿಯ ನೀರಿನಲ್ಲಿಟ್ಟ ಮನಿಪ್ಲಾಂಟ್ ಹೇಗೆ ಇಷ್ಟುದ್ದ ಬೆಳೆಯಿತು? 17ನೇ ಶತಮಾನದಲ್ಲಿ ಫಾನ್ ಹೆಲ್ಮಾಂಟ್ ಎಂಬಾತ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ಒಂದು ಗಿಡ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದ. ಮರ 169 ಪೌಂಡ್ ಆಯಿತು, ಮಣ್ಣು ಕಡಿಮೆಯಾದದ್ದು ಕೆಲವೇ ಔನ್ಸ್. ಎಲ್ಲ ನೀರಿನಿಂದಲೇ ಬಂತೆಂದು ಅವನು ತೀರ್ಮಾನಿಸಿದ. ಗಾಳಿಯ ಪಾತ್ರ ಗೊತ್ತಾದದ್ದು ಆಮೇಲೆ. ಮರದ ತೂಕದ ದೊಡ್ಡ ಪಾಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ಬಂದದ್ದು ಎಂಬುದನ್ನು ಕಾಲೇಜು ಮಕ್ಕಳೂ ನಂಬಲು ತಡವರಿಸುತ್ತಾರೆ. ನಾಲ್ಕನೆಯಲ್ಲಿ ಇಷ್ಟೆಲ್ಲ ಬೇಡ. ‘ಮಣ್ಣಿನಿಂದ ನೀರು ಮತ್ತು ಲವಣ; ಗಾಳಿ ಮತ್ತು ಬಿಸಿಲಿನ ಸಹಾಯದಿಂದ ಎಲೆಯಲ್ಲಿ ಆಹಾರ’ ಎಂದು ಸರಿಯಾಗಿ ಹೇಳಿದರೆ ಸಾಕು, ಮುಂದೆ ಅಳಿಸಿ ಬರೆಯುವ ಕಷ್ಟ ತಪ್ಪುತ್ತದೆ.

ಕನ್ನಡದ ಬಗ್ಗೆ: ಅಳುಕದೆ ಕನ್ನಡದಲ್ಲೇ ಮಾತಾಡಿ. ಮನೆಯಲ್ಲಿ ತುಳು ಇದ್ದರೆ ತುಳುವಿನಲ್ಲಿ. ‘ಯಾಕಿರಬಹುದು?’, ‘ಹಾಗೆ ಮಾಡಿದರೆ ಏನಾದೀತು?’ ಎಂದು ಮಗು ಸಲೀಸಾಗಿ ಯೋಚಿಸುವುದು ತಾನು ಜಗಳವಾಡುವ ಭಾಷೆಯಲ್ಲಿ. ಯೋಚನೆ ಗಟ್ಟಿಯಾದ ಮೇಲೆ ಶಾಲೆಯ ಪದಗಳನ್ನು ಜೋಡಿಸಿಕೊಳ್ಳುವುದು ಕೆಲವು ದಿನಗಳ ಕೆಲಸ. ನಿಮಗೊಂದು ಅನುಕೂಲವೂ ಇದೆ, ಇದು ಹೆಚ್ಚಿನ ತಾಯಂದಿರಿಗೆ ತಿಳಿದಿಲ್ಲ. ಪುಣೆಯಲ್ಲಿ 1967ರಲ್ಲಿ ಶುರುವಾದ ಬಾಲಭಾರತಿ ಸಂಸ್ಥೆ ರಾಜ್ಯದ ಪಠ್ಯಪುಸ್ತಕಗಳನ್ನು ಮರಾಠಿ, ಇಂಗ್ಲಿಷ್, ಉರ್ದು, ಗುಜರಾತಿಗಳಂತೆ ಕನ್ನಡದಲ್ಲೂ ತರುತ್ತದೆ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆ, ಮುಂಬಯಿಯ ಕನ್ನಡ ಶಾಲೆಗಳಿಗೆ ಅವೇ ಪುಸ್ತಕ. ಮಗಳ ಇವಿಎಸ್ ಪುಸ್ತಕದ ಕನ್ನಡ ಆವೃತ್ತಿಯನ್ನು ಬಾಲಭಾರತಿಯ ಜಾಲತಾಣದಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಪಾಠ ಅದೇ, ಚಿತ್ರ ಅದೇ. ಹಿಂದಿನ ರಾತ್ರಿ ನೀವು ಕನ್ನಡದಲ್ಲಿ ಓದಿಕೊಂಡರೆ ಮರುದಿನ ಅವಳ ಜೊತೆ ಧೈರ್ಯವಾಗಿ ಕೂರಬಹುದು.

ಚೆಂಬೂರಿನವರಾದ್ದರಿಂದ ಇನ್ನೆರಡು ಜಾಗ ಹೇಳುತ್ತೇನೆ. ಚಳಿಗಾಲ ಶುರುವಾದ ಮೇಲೆ ಶಿವಡಿ ಮತ್ತು ಠಾಣೆ ಖಾಡಿಯ ಕೆಸರಿಗೆ ಫ್ಲೆಮಿಂಗೊಗಳು ಬರುತ್ತವೆ, ಮಳೆಗಾಲದ ಮೊದಲು ಹೊರಡುತ್ತವೆ. ಆ ಗುಲಾಬಿ ಬಣ್ಣ ಅವು ತಿನ್ನುವ ಪಾಚಿಯಂಥ ಸೂಕ್ಷ್ಮಜೀವಿಗಳಿಂದ ಬಂದದ್ದು, ಮರಿಗಳು ಬೂದು ಬಣ್ಣದಲ್ಲಿರುತ್ತವೆ. ಆಹಾರ ಸರಪಳಿಯ ಪಾಠ ಅಲ್ಲಿ ಕಾಲ ಮೇಲೆ ನಿಂತಿರುತ್ತದೆ. ವರ್ಲಿಯಲ್ಲಿ 1985ರಲ್ಲಿ ತೆರೆದ ನೆಹರು ವಿಜ್ಞಾನ ಕೇಂದ್ರ ಇನ್ನೊಂದು. ಎಲ್ಲ ಸಭಾಂಗಣಗಳನ್ನೂ ಒಂದೇ ದಿನ ಓಡಿ ನೋಡುವುದು ಬೇಡ. ಅವಳು ಒಂದು ಯಂತ್ರದ ಮುಂದೆ ಅರ್ಧ ಗಂಟೆ ನಿಂತರೆ ನಿಲ್ಲಲಿ, ಕೈಹಿಡಿದು ಎಳೆಯಬೇಡಿ.

ಒಲಿಂಪಿಯಾಡ್ ವರ್ಕ್‌ಬುಕ್ ಈಗ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಅಭ್ಯಾಸ ಈ ವಯಸ್ಸಿಗೇ ಹತ್ತಿದರೆ, ಐದನೆಯ ಉತ್ತರವೊಂದು ಇರಬಹುದು ಎಂದು ಹುಡುಕುವ ಚಪಲ ಕುಂದುತ್ತದೆ. ನಿಮ್ಮ ಮಗಳಲ್ಲಿ ಅದು ಇದೆ. ಮುಂಬಯಿಯ ವಿಜ್ಞಾನ ಶಿಕ್ಷಕರ ಸಂಘ ನಡೆಸುವ ಹೋಮಿ ಭಾಭಾ ಬಾಲವೈಜ್ಞಾನಿಕ ಪರೀಕ್ಷೆ ಇರುವುದೂ ಆರು ಮತ್ತು ಒಂಬತ್ತನೆಯ ತರಗತಿಯವರಿಗೆ. ಅದರಲ್ಲಿ ಬರವಣಿಗೆಯ ಜೊತೆ ಪ್ರಯೋಗದ ಹಂತವೂ ಇದೆ. ಆರನೆಯದಕ್ಕೆ ಬಂದಾಗ ಅವಳೇ ಕೇಳಿದರೆ ಸೇರಿಸಿ. ಅಲ್ಲಿಯವರೆಗೆ ಟ್ಯೂಷನ್‌ನವರಿಗೆ ವಿಜ್ಞಾನ ಬಿಟ್ಟು ಗಣಿತ, ಮರಾಠಿ ನೋಡಿಕೊಳ್ಳಲು ಹೇಳಿ. ಉಳಿದ ಹಣದಲ್ಲಿ ಒಂದು ಭೂತಕನ್ನಡಿ, ಒಂದು ಥರ್ಮಾಮೀಟರ್, ಗೆರೆಯಿಲ್ಲದ ಒಂದು ದಪ್ಪ ನೋಟುಪುಸ್ತಕ ಕೊಡಿಸಿ.